ನಾಲ್ಕು ದಿನದ ಲಿಸ್ಬನ್, ನಾಲ್ಕು ಪುಟದ ಬೆರಗು

ಕನ್ನಡದಲ್ಲಿ ಒಂದು ಬಗೆಯ ಪ್ರವಾಸ ಬರಹವಿದೆ. ಅದರಲ್ಲಿ ಊರಿನ ಹೆಸರೊಂದನ್ನು ಬದಲಾಯಿಸಿದರೆ ಸಾಕು, ಉಳಿದದ್ದೆಲ್ಲ ಮೊದಲೇ ಬೆಂದು ಸಿದ್ಧವಾಗಿರುತ್ತದೆ. ವಿಮಾನದ ಕಿಟಕಿಯಿಂದ ಕಂಡ ಕೆಂಪು ಹೆಂಚಿನ ಮನೆಗಳು, ಕನ್ನಡಿಯಂಥ ರಸ್ತೆ, ಹಾರ್ನ್ ಹೊಡೆಯದ ಡ್ರೈವರುಗಳು, ಸಾಲು ತಪ್ಪದ ಜನ, ಹಳೆಯ ಕಟ್ಟಡಗಳನ್ನು ಮಗುವಿನಂತೆ ಕಾಪಾಡಿಕೊಂಡಿರುವ ನಗರಸಭೆ. ಮೂರನೆಯ ಪುಟದಲ್ಲಿ ಅಲ್ಲಿನ ತಿಂಡಿ. ಕೊನೆಯ ಪ್ಯಾರಾದಲ್ಲಿ ತಪ್ಪದೆ ಒಂದು ನಿಟ್ಟುಸಿರು: ನಮ್ಮವರಿಗೆ ಇದೆಲ್ಲ ಯಾವಾಗ ಬಂದೀತು? ಓದಿ ಮುಗಿಸಿದಾಗ ಬರೆದವರು ಅಲ್ಲಿಗೆ ಹೋಗಿದ್ದರು ಎಂಬುದೊಂದನ್ನು ಬಿಟ್ಟು ನಮಗೆ ಬೇರೇನೂ ತಿಳಿದಿರುವುದಿಲ್ಲ.

ಲಿಸ್ಬನ್ ಇಂಥ ಬರಹಕ್ಕೆ ಹೇಳಿ ಮಾಡಿಸಿದ ಊರು. ತೇಜೋ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಮೂಲೆಯಲ್ಲಿ ಗುಡ್ಡಗಳ ಮೇಲೆ ಕೂತಿರುವ ರಾಜಧಾನಿ. ಏರುದಾರಿಯಲ್ಲಿ ತೇಕುತ್ತಾ ಹತ್ತುವ 28ನೇ ನಂಬರಿನ ಹಳದಿ ಟ್ರಾಮು, ನೀಲಿ ಬಿಳಿ ಬಿಲ್ಲೆಗಳನ್ನು ಹೊದ್ದ ಗೋಡೆಗಳು, ಅಲ್ಫಾಮಾದ ಸಂದಿಗಳಲ್ಲಿ ರಾತ್ರಿ ಕೇಳುವ ಫಾದೋ ಹಾಡು. ಕಳೆದ ವರ್ಷ ಒಂದು ವಿಚಾರಸಂಕಿರಣದ ನೆಪದಲ್ಲಿ ನಾನೂ ಅಲ್ಲಿ ನಾಲ್ಕು ದಿನ ಇದ್ದೆ. ಊರು ಚೆಂದವಾಗಿದೆ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಇರುವುದು, ಆ ಚೆಂದದ ಮುಂದೆ ನಿಂತ ಕನ್ನಡದ ಬರಹಗಾರರು ತಮ್ಮ ಅಡುಗೆಮನೆ, ತಮ್ಮ ನುಡಿ, ತಮ್ಮ ಚರಿತ್ರೆ ಎಲ್ಲವನ್ನೂ ಮರೆತು ಬಾಯಿ ಕಳೆದು ನಿಲ್ಲುವುದರ ಬಗ್ಗೆ. ಬೇರೆ ಊರಿನಲ್ಲಿ ಹಾಗೆ ನಿಂತರೆ ಅದನ್ನು ಮುಗ್ಧತೆ ಎನ್ನಬಹುದೇನೋ. ಲಿಸ್ಬನ್ನಿನಲ್ಲಿ ಅದು ಹೊಣೆಗೇಡಿತನ. ಯಾಕೆಂದರೆ ಕನ್ನಡಿಗರಿಗೆ ಲಿಸ್ಬನ್ ಪೂರಾ ಪರಸ್ಥಳವಲ್ಲ. ನಮ್ಮ ಕರಾವಳಿಯ ಜೊತೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ವ್ಯಾಪಾರ, ಜಗಳ, ಒಪ್ಪಂದ, ಸುಲಿಗೆ ಎಲ್ಲವನ್ನೂ ನಡೆಸಿದ ಊರು ಅದು. ಅದರ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿದೆ.

ನಮ್ಮೂರು ಕೊಳ್ಳೇಗಾಲ ತಾಲ್ಲೂಕಿನ ಕುಂತೂರು. ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗಿ ಬಂದವರನ್ನು ಅಲ್ಲಿ ಹಿರಿಯರು ಕೇಳುವ ಮೊದಲ ಮಾತು ಬೆಟ್ಟ ಎಷ್ಟು ಚೆಂದವಿತ್ತು ಎಂದಲ್ಲ. “ಎಲ್ ಉಂಡ್ರಪ್ಪಾ? ಯಾರ್ ಇಕ್ಕುದ್ರು?” ಎಂದು ಕೇಳುತ್ತಾರೆ. ಪ್ರವಾಸ ಸಾಹಿತ್ಯದ ಬಗ್ಗೆ ನಾನು ಓದಿರುವ ಸಿದ್ಧಾಂತಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎಲ್ಲಿ ಉಂಡೆ, ಯಾರು ಇಕ್ಕಿದರು? ಈ ಎರಡು ಪ್ರಶ್ನೆಗಳನ್ನು ಲಿಸ್ಬನ್ನಿಗೆ ಕೇಳಿ ನೋಡೋಣ.

ಪ್ರವಾಸಿಗರೆಲ್ಲ ಹೋಗುವ ಬೆಲೆಂ ಎಂಬ ನದೀದಂಡೆಯ ಬಡಾವಣೆಯಿಂದಲೇ ಶುರುಮಾಡೋಣ. ಅಲ್ಲಿ ಜೆರೋನಿಮೋಸ್ ಮಠವಿದೆ. ಹದಿನಾರನೇ ಶತಮಾನದ ಮೊದಲಲ್ಲಿ ಕಟ್ಟಲು ಹಿಡಿದದ್ದು. ಹಗ್ಗ, ಹವಳ, ಸಮುದ್ರದ ಬಳ್ಳಿಗಳನ್ನು ಕಲ್ಲಿನಲ್ಲಿ ಕಡೆದಿರುವ ಆ ಕಂಬಗಳನ್ನು ನೋಡಿ ಬೆರಗಾಗದವರಿಲ್ಲ. ಆದರೆ ದುಡ್ಡು ಎಲ್ಲಿಂದ ಬಂತು? ಸಾಂಬಾರ ಪದಾರ್ಥಗಳ ವ್ಯಾಪಾರದ ಮೇಲೆ ಹಾಕಿದ ಇಪ್ಪತ್ತರಲ್ಲೊಂದು ಪಾಲಿನ ತೆರಿಗೆಯಿಂದ. ಆ ತೆರಿಗೆಗೆ ಅವರು ಇಟ್ಟ ಹೆಸರಿನಲ್ಲೇ ಮೆಣಸು ಇದೆ. ಆ ಮೆಣಸಿನಲ್ಲಿ ಬಹುಪಾಲು ಮಲಬಾರಿನದು. ಆಮೇಲಾಮೇಲೆ ಗೇರುಸೊಪ್ಪೆ, ಭಟ್ಕಳದ ಕಡೆಯ ನಮ್ಮ ಮೆಣಸೂ ಆ ವ್ಯಾಪಾರದೊಳಗೆ ಸೇರಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಘಟ್ಟದ ಮರಗಳಿಗೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ದ ಕೈಗಳಿಗೂ ಬೆಲೆಂನ ಕಲ್ಲಿನ ಬಳ್ಳಿಗೂ ನಂಟಿದೆ. ಈ ಮಾತು ಆ ಮಠದ ಬಗ್ಗೆ ಕನ್ನಡದಲ್ಲಿ ಬರುವ ಬರಹದ ಮೊದಲ ಸಾಲಾಗಬೇಕಿತ್ತು. ಕೊನೆಯ ಸಾಲಿನಲ್ಲೂ ಅದು ಸಿಗುವುದಿಲ್ಲ.

ಅದೇ ಮಠದ ಇಗರ್ಜಿಯಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ. ಎದುರಿಗೆ ಕವಿ ಕಾಮೋಯಿಸ್‌ನ ಸಮಾಧಿ. 1572ರಲ್ಲಿ ಅಚ್ಚಾದ ಕಾಮೋಯಿಸ್‌ನ ಮಹಾಕಾವ್ಯದಲ್ಲಿ ಕೆನರಾ ಎಂಬ ಹೆಸರೂ ಬರುತ್ತದೆ. ಕೆನರಾ ಎಂದರೆ ಬೇರೇನಲ್ಲ, ನಮ್ಮ ‘ಕನ್ನಡ’ ಅವರ ಬಾಯಲ್ಲಿ ಆದ ರೂಪ. ಗಾಮ 1498ರಲ್ಲಿ ವಾಪಸ್ಸು ಹೊರಟಾಗ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿಕೊಂಡ. 1502ರಲ್ಲಿ ಎರಡನೆಯ ಸಲ ಬಂದಾಗ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗೊಂದನ್ನು ಜನರ ಸಮೇತ ಸುಟ್ಟ. ಹೊನ್ನಾವರದ ಮೇಲೆ ಬಿದ್ದ, ಭಟ್ಕಳದಿಂದ ಅಕ್ಕಿಯ ಕಪ್ಪ ಕೇಳಿದ ಎಂದೂ ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ. ಆ ಸಮಾಧಿಯ ಪಕ್ಕದಲ್ಲಿ ಸೆಲ್ಫಿ ತೆಗೆದುಕೊಂಡು ‘ಇತಿಹಾಸದ ಜೊತೆ ಒಂದು ಕ್ಷಣ’ ಎಂಬಂಥ ಸಾಲು ಬರೆಯುವವರು ಯಾವ ಇತಿಹಾಸದ ಮಾತಾಡುತ್ತಿದ್ದಾರೆ? ಭಟ್ಕಳದ ಅಕ್ಕಿ ಅವರ ಇತಿಹಾಸದೊಳಗೆ ಬರುವುದಿಲ್ಲವೆ?

ಇನ್ನು ತಿಂಡಿ. ಮಠದ ಪಕ್ಕದಲ್ಲೇ ಉದ್ದನೆಯ ಸಾಲು ನಿಂತಿರುತ್ತದೆ. ಮೊಟ್ಟೆಯ ಹಳದಿ, ಹಾಲು, ಸಕ್ಕರೆ ಸೇರಿಸಿ ಬೇಯಿಸಿದ ಕೈಯಗಲದ ಪಾಸ್ಟೆಲ್ ಎಂಬ ತಿನಿಸಿಗೆ. ಮಠಗಳ ಅಡುಗೆಮನೆಯಲ್ಲಿ ಹುಟ್ಟಿದ್ದಂತೆ. ಮೇಲೆ ಚಿಟಿಕೆ ಚಕ್ಕೆಪುಡಿ ಉದುರಿಸಿ ಕೊಡುತ್ತಾರೆ. ನಾನೂ ತಿಂದೆ, ಎರಡು. ಆದರೆ ನಮ್ಮೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ. ನುರಿಯುವ ಕಾಲದಲ್ಲಿ ಕಬ್ಬಿನ ಟ್ರ್ಯಾಕ್ಟರು, ಲಾರಿಗಳು ರಾತ್ರಿಯೆಲ್ಲ ಸಾಲು ನಿಂತಿರುವುದನ್ನು, ಕಬ್ಬು ಕಡಿಯುವವರು ಮಕ್ಕಳು ಮರಿ ಕಟ್ಟಿಕೊಂಡು ಗದ್ದೆಯ ಬದುವಿನಲ್ಲೇ ಬಿಡಾರ ಹೂಡುವುದನ್ನು ನೋಡುತ್ತಾ ಬೆಳೆದವನಿಗೆ ಸಕ್ಕರೆ ಬರೀ ಸಿಹಿಯಾಗಿ ಉಳಿಯುವುದಿಲ್ಲ. ಪೋರ್ಚುಗೀಸರು ಹದಿನೈದನೇ ಶತಮಾನದಲ್ಲಿ ಮದೀರಾ ದ್ವೀಪದಲ್ಲಿ ಕಬ್ಬು ಹಾಕಿದರು, ಆಮೇಲೆ ಸಾವೊ ತೋಮೆಯಲ್ಲಿ, ಆಮೇಲೆ ಬ್ರೆಜಿಲ್‌ನಲ್ಲಿ. ಆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಹದಿನಾರನೇ ಶತಮಾನದ ಲಿಸ್ಬನ್ ಪಟ್ಟಣದಲ್ಲೇ ಹತ್ತರಲ್ಲಿ ಒಬ್ಬರು ಗುಲಾಮರಾಗಿದ್ದರು ಎಂಬುದು ಚರಿತ್ರೆಕಾರರ ಅಂದಾಜು. ಚಕ್ಕೆ ಬಂದದ್ದು ಶ್ರೀಲಂಕಾದಿಂದ, ಅದೂ ತೋಪಿನ ಬಾಯಿ ತೋರಿಸಿ. ಎಲ್ಲಿ ಉಂಡೆ ಎಂಬುದಕ್ಕೆ ಉತ್ತರ ಬೆಲೆಂ. ಯಾರು ಇಕ್ಕಿದರು ಎಂಬುದಕ್ಕೆ ಉತ್ತರ ಅಷ್ಟು ಸಲೀಸಲ್ಲ.

ಹಾಗಂತ ಈ ಕೊಟ್ಟು ತೆಗೆದುಕೊಂಡದ್ದು ಒಂದೇ ದಾರಿಯದ್ದಲ್ಲ. ನಮ್ಮ ಮುದ್ದೆಗೆ ಜೊತೆಯಾಗುವ ಸಾರಿನ ಖಾರವನ್ನೇ ನೋಡಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸ್ ಹಡಗುಗಳ ದಾರಿಯಲ್ಲಿ ನಮ್ಮ ಕಡೆಗೆ ಬಂದು, ಮೆಣಸಿನ ಹೆಸರನ್ನೇ ಕಿತ್ತುಕೊಂಡಿತು. ಕೊನೆಗೆ ಮೂಲ ಮೆಣಸೇ ತನ್ನನ್ನು ಕರಿಮೆಣಸು, ಒಳ್ಳೆಮೆಣಸು ಎಂದು ಬೇರೆಯಾಗಿ ಹೇಳಿಕೊಳ್ಳಬೇಕಾಯಿತು. ಹಿತ್ತಲಿನ ಪರಂಗಿ ಹಣ್ಣಿನ ಹೆಸರಿನಲ್ಲೇ ಪರಂಗಿಯವನಿದ್ದಾನೆ. ಮನೆ ಕಟ್ಟುವ ಮೇಸ್ತ್ರಿ, ಬಟ್ಟೆಗೆ ಹಾಕುವ ಇಸ್ತ್ರಿ, ಪಾದ್ರಿ, ಪೀಪಾಯಿ, ಅನಾನಸ್ಸು ಇವೆಲ್ಲ ಆ ನುಡಿಯ ದಾರಿಯಲ್ಲಿ ನಮ್ಮ ಬಾಯಿಗೆ ಬಂದ ಮಾತುಗಳು. ಲಿಸ್ಬನ್ನಿನ ಬೀದಿಯಲ್ಲಿ ‘ಮೆಸ್ತ್ರೆ’ ಎಂಬ ಮಾತು ಕಿವಿಗೆ ಬಿದ್ದಾಗ ಕನ್ನಡಿಗನ ಕಿವಿ ನಿಮಿರಬೇಕು. ಇದನ್ನು ಬರೆಯಲು ದೊಡ್ಡ ಪಾಂಡಿತ್ಯ ಬೇಡ. ಮನೆಯಿಂದ ಹೊರಡುವಾಗ ಮನೆಯನ್ನು ಜೊತೆಗೆ ಒಯ್ದರೆ ಸಾಕು.

ನದಿಯ ದಂಡೆಯಲ್ಲೇ ಇನ್ನೊಂದು ಸ್ಮಾರಕವಿದೆ. ಹಡಗಿನ ಮೂತಿಯ ಆಕಾರದ್ದು. ಮುಂದೆ ರಾಜಕುಮಾರ ಹೆನ್ರಿ, ಹಿಂದೆ ಸಾಲಾಗಿ ನಾವಿಕರು, ಪಾದ್ರಿಗಳು, ಕವಿಗಳು. ನಮ್ಮ ಬರಹಗಳಲ್ಲಿ ಇದು ‘ಐತಿಹಾಸಿಕ ಸ್ಮಾರಕ’ ಎಂದೇ ಬರುತ್ತದೆ. ಇದನ್ನು ಮೊದಲು ನಿಲ್ಲಿಸಿದ್ದು 1940ರಲ್ಲಿ, ಸರ್ವಾಧಿಕಾರಿ ಸಾಲಜಾರನ ಕಾಲದ ಒಂದು ವಸ್ತುಪ್ರದರ್ಶನಕ್ಕಾಗಿ. ಅದು ಉಳಿಯದ ಸಾಮಾನಿನದ್ದು. ಈಗ ಕಾಣುವುದು 1960ರಲ್ಲಿ ಗಟ್ಟಿಯಾಗಿ ಕಟ್ಟಿದ್ದು. ಅದರ ಮುಂದಿನ ನೆಲದಲ್ಲಿ ಹಡಗುಗಳ ದಾರಿಗಳನ್ನು ತೋರಿಸುವ ಅಮೃತಶಿಲೆಯ ನಕ್ಷೆ ಇದೆ. ಅದನ್ನು ಉಡುಗೊರೆಯಾಗಿ ಕೊಟ್ಟದ್ದು ಆಗ ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ. ಮರುವರ್ಷ, 1961ರ ಡಿಸೆಂಬರಿನಲ್ಲಿ, ಗೋವಾ ಕೈತಪ್ಪಿತು. ಅಂದರೆ ಇದು ಸಾಮ್ರಾಜ್ಯದ ವೈಭವ ಕಾಲದ ಸ್ಮಾರಕವಲ್ಲ. ಸಾಮ್ರಾಜ್ಯ ಕುಸಿಯುತ್ತಿದ್ದಾಗ ಮುರಿದ ಮೀಸೆಗೆ ಹಚ್ಚಿದ ತುಪ್ಪ. ವಯಸ್ಸಿನಲ್ಲಿ ನಮ್ಮ ಏಕೀಕರಣಕ್ಕಿಂತ ಚಿಕ್ಕದು.

ಲಿಸ್ಬನ್ನಿನವರು ಈ ಬಗ್ಗೆ ಸುಮ್ಮನೆ ಕೂತಿಲ್ಲ. ‘ಶೋಧಗಳ’ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯ ಕಟ್ಟುವ ಯೋಜನೆ ಬಂದಾಗ, 2018ರಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಬಹಿರಂಗ ಪತ್ರ ಬರೆದು ಆ ಹೆಸರನ್ನೇ ವಿರೋಧಿಸಿದರು. ಮೊದಲೇ ಜನರಿದ್ದ ನೆಲವನ್ನು ನೀವು ಶೋಧಿಸಿದ್ದು ಹೇಗೆ ಎಂಬುದು ಅವರ ತಕರಾರು. ಗುಲಾಮರ ನೆನಪಿಗೆ ಒಂದು ಸ್ಮಾರಕ ಬೇಕು ಎಂಬ ಪ್ರಸ್ತಾಪ 2017ರಲ್ಲಿ ನಗರದ ಜನರ ಮತದಿಂದಲೇ ಗೆದ್ದಿತು. ಅದಕ್ಕೆ ಅಂಗೋಲಾದ ಕಲಾವಿದ ಕಿಲುವಾಂಜಿ ಕಿಯಾ ಹೆಂಡಾ ಮಾಡಿದ ವಿನ್ಯಾಸ ಏನು ಗೊತ್ತೆ? ಲೋಹದಲ್ಲಿ ಎರಕಹೊಯ್ದ ಕಪ್ಪು ಕಬ್ಬಿನ ತೋಟ. ಗೆದ್ದ ಮೇಲೂ ಅದು ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿಯಿತು. ಕಬ್ಬಿನ ನಾಡಿನಿಂದ ಹೋದ ಕನ್ನಡದ ಬರಹಗಾರರಿಗೆ ಇದಕ್ಕಿಂತ ಹತ್ತಿರದ ಸುದ್ದಿ ಆ ಊರಿನಲ್ಲಿ ಯಾವುದಿತ್ತು? ಮನೆಯವರೇ ತಮ್ಮ ಗೋಡೆಯ ಮೇಲಿನ ಪಟಗಳ ಬಗ್ಗೆ ಜಗಳವಾಡುತ್ತಿರುವಾಗ, ನೆಂಟರು ಬಂದು ಪಟಕ್ಕೆ ಹೂವು ಹಾಕಿ ಹೋದ ಹಾಗಿದೆ ನಮ್ಮ ಬೆರಗು.

ಇವತ್ತು ಇಕ್ಕುತ್ತಿರುವವರು ಯಾರು ಎಂದು ಕೇಳಿದರೂ ಉತ್ತರ ನಮ್ಮ ಕಡೆಯದೇ. ಮಾರ್ತಿಂ ಮೊನೀಜ್ ಚೌಕದ ಬಳಿ ಬೆನ್ಫೋರ್ಮೋಸೋ ಎಂಬ ಇಕ್ಕಟ್ಟಿನ ಬೀದಿ ಇದೆ. ಬಾಂಗ್ಲಾದೇಶಿಗಳು, ನೇಪಾಳಿಗಳು, ಪಂಜಾಬಿಗಳು ಅಂಗಡಿ ಇಟ್ಟಿದ್ದಾರೆ. ಊರಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರು, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಊಟ ತಲುಪಿಸುವವರು, ದಕ್ಷಿಣದ ಓದೆಮೀರಾ ಕಡೆಯ ಹಸಿರುಮನೆಗಳಲ್ಲಿ ಹಣ್ಣು ಬಿಡಿಸುವವರು ಇದೇ ಜನ. 2024ರ ಡಿಸೆಂಬರಿನಲ್ಲಿ ಪೊಲೀಸರು ಆ ಬೀದಿಗೆ ನುಗ್ಗಿ ಹತ್ತಾರು ಮಂದಿಯನ್ನು ಗೋಡೆಗೆ ಕೈಯಿಟ್ಟು ಸಾಲಾಗಿ ನಿಲ್ಲಿಸಿದರು. ಅದರ ವಿರುದ್ಧ 2025ರ ಜನವರಿಯಲ್ಲಿ ಲಿಸ್ಬನ್ನಿನ ಸಾವಿರಾರು ಜನ ಬೀದಿಗಿಳಿದರು. ಹಾರ್ನ್ ಹೊಡೆಯದ ಡ್ರೈವರು, ಸಾಲು ತಪ್ಪದ ಜನ ಎಂದು ಬರೆಯುವವರು ಗೋಡೆಗೆ ನಿಂತ ಈ ಸಾಲನ್ನೂ ಬರೆಯಬೇಕಲ್ಲವೆ?

ಇಷ್ಟು ಹೇಳಿದ ತಕ್ಷಣ ಇನ್ನೊಂದು ಗುಂಪು ಖುಷಿಯಾಗುತ್ತದೆ ಎಂದು ಗೊತ್ತು. ‘ಹೌದು, ಅವರು ಲೂಟಿಕೋರರು, ನಾವು ಚಿನ್ನದ ನಾಡಿನವರು’ ಎಂಬ ಗುಂಪು. ಆ ಮಾತೂ ಸೋಮಾರಿತನದ್ದೇ. ಬೆರಗನ್ನು ತಿರುಗಿಸಿ ಹಾಕಿದರೆ ರೋಷವಾಗುತ್ತದೆ, ವಿಚಾರವಾಗುವುದಿಲ್ಲ. 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕ್‌ಗೆ ದಾರಿ ತೋರಿಸಿದವನು ಹೊನ್ನಾವರದ ತಿಮ್ಮೋಜ. ಅರಬ್ಬಿ ಕುದುರೆಗಳು ಬಿಜಾಪುರಕ್ಕೆ ಸಿಗದೆ ತನಗೇ ಸಿಗಲಿ ಎಂದು 1547ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡದ್ದು ವಿಜಯನಗರ. ಗೋವಾದ ಹೊಟ್ಟೆ ತುಂಬಿಸಿದ್ದು ಬಸ್ರೂರು, ಮಂಗಳೂರಿನ ಅಕ್ಕಿ. ಅದನ್ನು ಮಾರಿ ದುಡ್ಡು ಮಾಡಿಕೊಂಡ ವರ್ತಕರು ನಮ್ಮವರೇ. 1568–69ರ ಹೊತ್ತಿಗೆ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಎದ್ದ ಅವರ ಕೋಟೆಗಳನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಕಿತ್ತುಕೊಂಡ ನಿಜ. ಕಿತ್ತುಕೊಂಡ ಮೇಲೆ ಅಕ್ಕಿಯ ಲಾಭ ಗದ್ದೆ ಉತ್ತವನ ಮನೆಗೆ ಹೋಯಿತೆ? ಉಳ್ಳಾಲದ ಅಬ್ಬಕ್ಕನಿಗೆ ಪ್ರತಿಮೆ ನಿಲ್ಲಿಸಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುವುದಿಲ್ಲ. ಲೂಟಿ ಎಂಬ ಒಂದೇ ಪದ ಎಲ್ಲ ಲೆಕ್ಕವನ್ನೂ ಮುಚ್ಚಿಹಾಕುತ್ತದೆ. ನನಗೆ ಬೇಕಾಗಿರುವುದು ಲೆಕ್ಕ.

‘ರಜೆಗೆ ಹೋದವರು ಖುಷಿಯಾಗಿರಬಾರದೆ? ಪಾಸ್ಟೆಲ್ ತಿನ್ನುವಾಗಲೂ ಗುಲಾಮಗಿರಿ ನೆನೆಯಬೇಕೆ?’ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ಖುಷಿಯಾಗಿರಿ, ಧಾರಾಳವಾಗಿ ತಿನ್ನಿ. ಆದರೆ ತಿಂದದ್ದನ್ನು ಸಾಹಿತ್ಯವೆಂದು ಪ್ರಕಟಿಸಿದ ಮೇಲೆ ನೀವು ಪ್ರವಾಸಿಗರಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತೀರಿ. ಸಾಕ್ಷಿಗೆ ಜವಾಬ್ದಾರಿ ಇದೆ. ಅದೂ ಅಲ್ಲಿಗೆ ಹೋಗುವುದು ಎಲ್ಲರಿಗೂ ದಕ್ಕುವ ಭಾಗ್ಯವಲ್ಲ. ಶೆಂಗೆನ್ ವೀಸಾದ ಅರ್ಜಿಗೇ 90 ಯೂರೋ. ವೀಸಾ ಸಿಗದಿದ್ದರೂ ಆ ಹಣ ವಾಪಸ್ಸು ಬರುವುದಿಲ್ಲ. ಜೆಆರ್‌ಎಫ್ ಪಡೆದ ಸಂಶೋಧನಾ ವಿದ್ಯಾರ್ಥಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ನೆಟ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಕೊಡುವುದು 8,000. ಇದರಲ್ಲಿ ಊಟ, ಬಾಡಿಗೆ, ಪುಸ್ತಕ ಕಳೆದು ಯಾರು ಲಿಸ್ಬನ್ನಿಗೆ ಹೋಗಬಲ್ಲರು? ಹೋಗಲಾರದ ಸಾವಿರಾರು ಓದುಗರ ಪರವಾಗಿ ಒಬ್ಬರು ಹೋಗಿರುತ್ತಾರೆ. ಆ ಒಬ್ಬರು ಟ್ರಾಮಿನ ಬಣ್ಣ ಹೇಳಿ ಮುಗಿಸಿದರೆ ಓದುಗರ ಪಾಲಿಗೆ ಮೋಸವಾಗುತ್ತದೆ. ಟ್ರಾಮಿನ ಬಣ್ಣ ಅವರ ಫೋನಿನಲ್ಲೇ ಕಾಣುತ್ತದೆ.

‘ನಾಲ್ಕು ದಿನದಲ್ಲಿ ಎಷ್ಟು ನೋಡಲಾದೀತು?’ ಎಂಬುದು ಇನ್ನೊಂದು ಸಮಜಾಯಿಷಿ. ದಿನಗಳು ಕಡಿಮೆ ಎಂದಾದರೆ ಹೋಗುವ ಮುನ್ನ ಓದಬೇಕಾದದ್ದು ಇನ್ನೂ ಹೆಚ್ಚು. ಕನ್ನಡದಲ್ಲಿ ಇದಕ್ಕೆ ಮಾದರಿಗಳಿಲ್ಲವೆಂದಲ್ಲ. ಕಾರಂತರು ‘ಅಪೂರ್ವ ಪಶ್ಚಿಮ’ ಬರೆಯುವಾಗ ತಮ್ಮ ಕುತೂಹಲ, ತಮ್ಮ ತಕರಾರು ಎರಡನ್ನೂ ಜೊತೆಗೆ ಒಯ್ದಿದ್ದರು. ಕೃಷ್ಣಾನಂದ ಕಾಮತರು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂದು ಬರೆದಾಗ ಆ ‘ನಾನೂ’ ಎಂಬ ಮಾತಿನಲ್ಲೇ ತಮ್ಮನ್ನು ತಾವು ನೋಡಿ ನಗುವ ಶಕ್ತಿ ಇತ್ತು. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇಂಕಾಗಳನ್ನೂ ಅವರನ್ನು ಸೋಲಿಸಿದ ಸ್ಪೇನಿನವರನ್ನೂ ಓದಿಕೊಂಡು ಹೊರಟವರ ಪುಸ್ತಕ. ಪೆರುವಿನಷ್ಟು ದೂರದ ನೆಲವನ್ನೇ ಕನ್ನಡಕ್ಕೆ ಹತ್ತಿರ ತರಲು ಸಾಧ್ಯವಾಗಿರುವಾಗ, ಐನೂರು ವರ್ಷದ ನಂಟಿರುವ ಲಿಸ್ಬನ್ನನ್ನು ನಾವು ದೂರ ತಳ್ಳುತ್ತಿರುವುದೇಕೆ?

ಇಲ್ಲಿಂದ ಮುಂದಿನ ಮಾತು ಬರಹಗಾರರಿಗಿಂತ ನಮ್ಮ ವಿಶ್ವವಿದ್ಯಾಲಯಗಳಿಗೆ, ಅಂದರೆ ನನ್ನದೇ ಕುಲಕ್ಕೆ ಹೇಳಬೇಕಾದದ್ದು. ಹಂಪಿಯ ವೈಭವ ಹೇಳುವಾಗ ನಾವೆಲ್ಲ ಡೊಮಿಂಗೋ ಪಾಯಸ್ ಮತ್ತು ಫೆರ್ನಾವೊ ನ್ಯೂನಿಜ್‌ರನ್ನು ಎಳೆದು ತರುತ್ತೇವೆ. ಪಾಯಸ್ ಬಂದದ್ದು ಸುಮಾರು 1520ರಲ್ಲಿ. ಕುದುರೆ ವ್ಯಾಪಾರಿ ನ್ಯೂನಿಜ್ ಬರೆದದ್ದು ಸುಮಾರು 1535ರಲ್ಲಿ. ಅವರ ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದವರು ದಾವೀದ್ ಲೋಪಿಸ್. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ನಾವು ಓದುವುದು ಸೀವೆಲ್‌ನ ಇಂಗ್ಲಿಷನ್ನು, ಅಥವಾ ಆ ಇಂಗ್ಲಿಷಿನ ಕನ್ನಡವನ್ನು. ಅಂದರೆ ನಮ್ಮ ರಾಜಧಾನಿಯ ಬಗ್ಗೆ ನಾವು ಪದೇ ಪದೇ ಉದಾಹರಿಸುವ ಮಾತುಗಳು ಎರಡೆರಡು ಕೈ ದಾಟಿ ಬಂದವು. ಒಂದು ಪದ ಜಾರಿದ್ದರೆ ಅದನ್ನು ಹಿಡಿಯುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ನನ್ನ ಜೊತೆಯ ಸಂಶೋಧಕರಲ್ಲಿ ಪೋರ್ಚುಗೀಸ್ ಓದಬಲ್ಲ ಒಬ್ಬರೂ ನನಗೆ ಸಿಕ್ಕಿಲ್ಲ. ನಮ್ಮ ಬಸ್ರೂರಿನ ಅಕ್ಕಿ ವ್ಯಾಪಾರದ ಬಗ್ಗೆ ಸಂಜಯ್ ಸುಬ್ರಹ್ಮಣ್ಯಂ, ಗೋವಾ–ಕೆನರಾ ಸಂಬಂಧದ ಬಗ್ಗೆ ಬಿ.ಎಸ್. ಶಾಸ್ತ್ರಿ ಬರೆದದ್ದು ಇಂಗ್ಲಿಷಿನಲ್ಲಿ. ಅದಕ್ಕೆ ಅವರನ್ನು ದೂರುವಂತಿಲ್ಲ. ಆ ದಾಖಲೆಗಳನ್ನು ಓದಿ ಕನ್ನಡದಲ್ಲೇ ವಾದ ಹೂಡುವವರನ್ನು ನಾವು ತಯಾರು ಮಾಡದಿರುವುದು ನಮ್ಮ ಸಾಲ.

ಇದಕ್ಕೆ ಲಿಸ್ಬನ್ನಿಗೇ ಹೋಗಬೇಕಾಗಿಯೂ ಇಲ್ಲ. ಅಲ್ಲಿನ ತೋರೆ ದೋ ತೋಂಬೋ ಎಂಬ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಒಂದಷ್ಟು ಇದೆ, ನಿಜ. ಆದರೆ ಪಣಜಿಯ ಗೋವಾ ರಾಜ್ಯ ಪತ್ರಾಗಾರದಲ್ಲಿರುವುದೂ ಕಡಿಮೆಯಲ್ಲ. ಮಾನ್ಸೂನ್ ಗಾಳಿಗೆ ಕಾದು ಹೊರಡುತ್ತಿದ್ದ ಹಡಗುಗಳಲ್ಲಿ ಲಿಸ್ಬನ್ ಮತ್ತು ಗೋವಾಗಳ ನಡುವೆ ಓಡಾಡಿದ ಕಾಗದಗಳ ಸಂಪುಟಗಳು ಅಲ್ಲಿವೆ. ಅವುಗಳಿಗೆ ‘ಮಾನ್ಸೂನ್ ಪುಸ್ತಕಗಳು’ ಎಂದೇ ಹೆಸರು. ‘ನೆರೆಯ ರಾಜರು’ ಎಂಬ ಹೆಸರಿನ ಇನ್ನೊಂದು ಸಾಲು ಸಂಪುಟಗಳಿವೆ. ಆ ನೆರೆಯ ರಾಜರು ಯಾರು? ಕೆಳದಿಯವರು, ಸೋಂದೆಯವರು, ಮೈಸೂರಿನವರು. ಕಾರವಾರದಿಂದ ಪಣಜಿಗೆ ನೂರು ಕಿಲೋಮೀಟರು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ನಮ್ಮ ಚರಿತ್ರೆಯ ಮುಂದೆ ಕೂರಬಹುದು. ಅದನ್ನು ಓದುವ ನುಡಿಯನ್ನು ಕಲಿಸುವ ವಿಭಾಗವೂ ಗೋವಾ ವಿಶ್ವವಿದ್ಯಾಲಯದಲ್ಲಿದೆ. ಇಲ್ಲದಿರುವುದು ನಮ್ಮ ಮನಸ್ಸು ಮಾತ್ರ. ಕರ್ನಾಟಕದ ಒಂದೇ ಒಂದು ವಿಶ್ವವಿದ್ಯಾಲಯ ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಎರಡು ವರ್ಷ ಪೋರ್ಚುಗೀಸ್ ಕಲಿಯಲು ಕಳಿಸಿದರೆ ಹತ್ತು ವರ್ಷದಲ್ಲಿ ಇಪ್ಪತ್ತು ಮಂದಿ ಆಗುತ್ತಾರೆ. ಒಂದು ರಾಜ್ಯಮಟ್ಟದ ಉತ್ಸವದ ಪೆಂಡಾಲಿನ ಖರ್ಚಿನಲ್ಲಿ ಆಗಬಹುದಾದ ಕೆಲಸ ಇದು.

ಪ್ರವಾಸ ಕಥನವೆಂಬುದು ಯುರೋಪಿನವರನ್ನು ನೋಡಿ ಕಲಿತ ವಿದ್ಯೆ ಎಂದುಕೊಂಡಿರುವವರಿಗೆ ಕೊನೆಯದಾಗಿ ನಮ್ಮ ಸೀಮೆಯ ಒಂದು ಪ್ರಯಾಣವನ್ನು ನೆನಪಿಸುತ್ತೇನೆ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಲೆ ಮಾದಪ್ಪನ ಕಾವ್ಯವೂ ಒಂದು ಪ್ರಯಾಣದ ಕಥೆ. ಮಾದಪ್ಪ ಸುತ್ತೂರು ಮಠಕ್ಕೆ ಬರುತ್ತಾನೆ, ಕುಂತೂರು ಮಠಕ್ಕೆ ಬರುತ್ತಾನೆ, ಅಲ್ಲಿಂದಾಚೆ ಎಪ್ಪತ್ತೇಳು ಮಲೆಯ ಕಡೆಗೆ ಹೋಗುತ್ತಾನೆ. ಆದರೆ ಎಲ್ಲೂ ಅವನು ನೋಡಿ ಹೋಗಲು ಬಂದವನಲ್ಲ. ಸುತ್ತೂರು ಮಠದಲ್ಲಿ ಅವನ ಕೈಗೆ ಬೀಸುಕಲ್ಲು ಸಿಗುತ್ತದೆ, ಅವನು ರಾಗಿ ಬೀಸುತ್ತಾನೆ. ಹೋದಲ್ಲೆಲ್ಲ ಉಳ್ಳವರ ಸೊಕ್ಕನ್ನು ತಡವುತ್ತಾನೆ, ಇಲ್ಲದವರ ಗುಡಿಸಿಲ ಬಾಗಿಲಲ್ಲಿ ನಿಲ್ಲುತ್ತಾನೆ. ಮಠದ ಗೋಪುರದ ಎತ್ತರವನ್ನು ಯಾವ ಗುಡ್ಡನೂ ಹಾಡುವುದಿಲ್ಲ. ಹಾಡುವುದು ಬೀಸುಕಲ್ಲನ್ನು. ಬರೆಯದ, ಓದದ ಜನ ನೂರಾರು ವರ್ಷ ಹಾಡಿಕೊಂಡು ಬಂದ ಈ ಕಥನಕ್ಕೆ ಇರುವ ವಿವೇಕ, ಪಾಸ್‌ಪೋರ್ಟು ಕೈಯಲ್ಲಿರುವ ನಮ್ಮ ಬರಹಗಳಿಗೆ ಇಲ್ಲದೆ ಹೋದದ್ದು ಹೇಗೆ?

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಇನ್ನು ಮುಂದೆ ಲಿಸ್ಬನ್, ಲಂಡನ್, ಆಮ್‌ಸ್ಟರ್‌ಡ್ಯಾಂ ಯಾವುದೇ ಊರಿನ ಪ್ರವಾಸ ಲೇಖನ ಬಂದರೂ, ಪ್ರಕಟಿಸುವ ಮೊದಲು ಆ ಎರಡು ಪ್ರಶ್ನೆ ಕೇಳಿ. ಎಲ್ಲಿ ಉಂಡಿರಿ? ಯಾರು ಇಕ್ಕಿದರು? ಉತ್ತರ ಇಲ್ಲದಿದ್ದರೆ ಲೇಖನವನ್ನು ಗೌರವದಿಂದ ವಾಪಸ್ಸು ಕಳಿಸಿ. ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಲಿಸ್ಬನ್ನಿಗೆ ಹೋಗುವ ಭಾಗ್ಯ ಬರಲಿ, ಬರದಿರಲಿ. ಪಣಜಿಯ ಬಸ್ಸು ದಿನವೂ ಇದೆ.